ಮೊಂಡು ಸೂಜಿ

ಸೂಜಿಗಳು ಪೆಟ್ಟಿಗೆಯಲ್ಲಿ ಬರುತ್ತವೆ,
ಒಂದೊಂದೂ ತನ್ನ ಮಬ್ಬು ಕೊಳವೆಯೊಳಗೆ,
ಮೈಮೇಲೆ ಆರಂಕಿಯ ಸಂಖ್ಯೆ ಹೊತ್ತು.
ಅರ್ಧ ಚೂಪು, ಅರ್ಧ ಮೊಂಡು.
ಯಾವುದು ಯಾವುದೆಂದು ಬರೆದಿಟ್ಟ ಹಾಳೆ
ಮತ್ಸುಎಯ ಈ ಕಾಲೇಜಿನಲ್ಲಿಲ್ಲ;
ಒಸಾಕಾದ ಯಾವುದೋ ಬೀಗದ ಕಪಾಟಿನಲ್ಲಿದೆ.
ನನ್ನ ಕೆಲಸ ಲಕೋಟೆ ಹರಿಯುವುದು,
ಗಂಟೆ ಬರೆಯುವುದು,
ಕೊನೆಗೊಂದು ಪ್ರಶ್ನೆ ಕೇಳುವುದು.

ಚೂಪು ಚರ್ಮ ದಾಟಿ ಇಳಿಯುತ್ತದೆ.
ಮೊಂಡು ಮುಟ್ಟಿ ನಿಲ್ಲುತ್ತದೆ,
ಒಳಗೆ ಕರೆಯದ ಮನೆಯ ಹೊಸಿಲಲ್ಲಿ ನೆಂಟ ನಿಂತ ಹಾಗೆ.
ಕೊಳವೆಯಲ್ಲಿ ತುರುಕಿದ ಚೂರು ಮೆತ್ತೆ
ಎರಡಕ್ಕೂ ಒಂದೇ ಬಿಗಿ ಕೊಡುತ್ತದೆ,
ಚುಚ್ಚುವ ಕೈಗೂ ಗೊತ್ತಾಗಬಾರದಲ್ಲ.
ಇದಕ್ಕೆ ಇಮ್ಮಡಿ ಕುರುಡು ಎಂದು ಹೆಸರು.

ಹಾಗೆಂದು ವಿವರಿಸಿ ನಾಲಿಗೆ ಕಚ್ಚಿಕೊಂಡೆ.
ಎದುರಿಗೆ ಕೂತವರು ಇತೊಹಾರ ಸಾಯೊ,
ಆರನೆಯ ವಯಸ್ಸಿಗೆ ಕಣ್ಣು ಹೋದವರು,
ಹದಿನೆಂಟಕ್ಕೆ ಸೂಜಿ ಹಿಡಿದವರು.
ನಕ್ಕರು: "ನನಗೆ ಒಂದು ಮಡಿ ಮೊದಲೇ ಇದೆ,
ಇನ್ನೊಂದನ್ನು ನೀವು ಕೊಡಿ, ಸಾಕು."

ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾರೆ.
ನಿಯಮಾವಳಿಯ ಯಾವ ಪುಟದಲ್ಲೂ ಇದಿಲ್ಲ,
ಆದರೆ ಬೇಡವೆಂದೂ ಇಲ್ಲ.
ಬೆನ್ನ ಮೇಲೆ ಬೆರಳು ನಡೆಯುತ್ತದೆ,
ಕತ್ತಲಲ್ಲಿ ತನ್ನ ಮನೆಯ ಮೆಟ್ಟಿಲೇರುವವರಂತೆ,
ಎಣಿಸದೆ, ಎಡವದೆ.
ಕೊಳವೆ ಊರಿ, ತೋರುಬೆರಳಿಂದ ಟಕ್ ಟಕ್.
ಕೊನೆಗೆ ನಾನು: "ಚೂಪೋ, ಮೊಂಡೋ, ಗೊತ್ತಿಲ್ಲವೋ?"
ಗೊತ್ತಿಲ್ಲ ಎಂದು ಅವರು ಒಮ್ಮೆಯೂ ಅನ್ನಲಿಲ್ಲ.

ಕಗೆಯಾಮ ಯಸೊಕಿಚಿ ಬರುತ್ತಿದ್ದ,
ಶಿಂಜಿ ಸರೋವರದ ತಳದಿಂದ
ಉದ್ದ ಹಿಡಿಯ ಬುಟ್ಟಿಯಲ್ಲಿ ಚಿಪ್ಪು ಗೋರುವವನು.
ಬಲಗೈ ಕಿವಿಯಿಂದ ಮೇಲೆ ಹೋಗುತ್ತಿರಲಿಲ್ಲ.
ಸೂಜಿ ಕೂತಾಗ ಹ್ಞಾ ಎನ್ನುತ್ತಿದ್ದ,
"ಇಳೀತು, ಕೆಸರಿಗೆ ಲಂಗರು ಇಳಿದ ಹಾಗೆ."
ನಾಲ್ಕನೆಯ ವಾರ ಬಾಗಿಲ ಬಳಿ
ಮೇಲಿನ ಗೂಟಕ್ಕೇ ಕೋಟು ನೇತುಹಾಕಿದ.
ತನಗೇ ತಿಳಿಯದೆ. ನಾನು ಕಂಡೆ.

ಡಿಸೆಂಬರಿನಲ್ಲಿ ಹಾಳೆ ಬಂತು.
ಎರಡೂ ಗುಂಪಿಗೆ ಗುಣ ಕಂಡಿತ್ತು,
ನಡುವೆ ಕೂದಲೆಳೆಯ ಅಂತರ.
ಲೆಕ್ಕದ ಹುಡುಗ ಹಲಗೆಯ ಮೇಲೆ ಬರೆದ:
ಒಟ್ಟು ಗುಣದಲ್ಲಿ ಕೈಗುಣ ಕಳೆದರೆ
ಉಳಿದದ್ದು ಸೂಜಿಗುಣ.
ಸರಿ, ಲೆಕ್ಕ ತಪ್ಪಿಲ್ಲ.
ಆದರೆ ಮೊಂಡೂ ಮುಟ್ಟಿದೆಯಲ್ಲ,
ಮುಟ್ಟಿದ್ದನ್ನು ಸೊನ್ನೆ ಎನ್ನಬಹುದೇ?
ಕೇಳಿದೆ. ಅವನು ಒರೆಸುವ ಬಟ್ಟೆ ಹುಡುಕುತ್ತಿದ್ದ.

ಕಗೆಯಾಮನ ಎಂಟೂ ಸರದಿಗೆ ಬಂದದ್ದು ಮೊಂಡು.
ಪತ್ರ ಓದಿ ಫೋನು ಮಾಡಿದ:
"ಹಾಗಾದರೆ ಚೂಪಿನದು ನನಗೆ ಬಾಕಿ ಇದೆ.
ಯಾವಾಗ ಬರಲಿ?"

ಸಾಯೊ ಅವರಿಗೆ ನಾನೇ ಓದಿ ಹೇಳಬೇಕಾಯಿತು,
ಬೆರಳಿಗೆ ಓದುವ ಪ್ರತಿ ಯಾರೂ ಮಾಡಿಸಿರಲಿಲ್ಲ.
ಇನ್ನೂರ ಹನ್ನೆರಡು ಸೂಜಿ,
ನಿಮ್ಮ ಊಹೆ ಸರಿ ನೂರ ನಾಲ್ಕು.
ನಾಣ್ಯ ಚಿಮ್ಮಿದ್ದರೂ ಅಷ್ಟೇ ಎಂಬುದನ್ನು
ನಾನು ಹೇಳಲಿಲ್ಲ, ಅವರು ಹೇಳಿದರು.
ಆಮೇಲೆ ಬಹಳ ಹೊತ್ತು ಹೀಟರಿನ ಸದ್ದು.

"ಒಂದು ಕೊಳವೆ ಕೊಡು."
ಉಗುರಿನಿಂದ ಸೀಳಿ ಮೆತ್ತೆ ಹೊರಗೆಳೆದರು,
ಅಕ್ಕಿಕಾಳಿನಷ್ಟು.
ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ
"ಇಷ್ಟೇನಾ" ಎಂದರು,
"ನಲವತ್ತು ವರ್ಷ ಓದಿದ ಬೆರಳಿಗೆ ಇಷ್ಟು ಸಾಕಾಯಿತಾ."
ಕೋಪವಿರಲಿಲ್ಲ, ಎದುರಾಳಿಯ ಕೈ ಕುಲುಕುವ ದನಿ.
ಮೊಂಡು ತುದಿಯನ್ನು ತಮ್ಮದೇ ಮಣಿಕಟ್ಟಿಗೆ ಊರಿ
ತಲೆ ವಾಲಿಸಿ ಆಲಿಸಿದರು.
ಏನು ಕೇಳಿಸಿತೋ.
ಆ ಅಕ್ಕಿಕಾಳನ್ನು ಮಾತ್ರ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡರು.

ಹೊರಗೆ ಯಾರೋ ಬೂಟು ಬಿಚ್ಚುವ ಸಪ್ಪಳ,
ಒಂದು ಕಾಲು ಎಳೆದು ಹಾಕುವ ನಡಿಗೆ.
"ಎಡ ಸೊಂಟ" ಎಂದರು ಮೆಲ್ಲಗೆ,
ಅಂಗೈ ಉಜ್ಜಿಕೊಳ್ಳತೊಡಗಿದರು.